ಮದುವೆ ಮನೆಯ ಲೈಟ್ ಆರಿಸಿದ ರಾತ್ರಿ

ಹದಿನೈದು ದಿನದ ಹಿಂದೆ ನಾನು ಒಂದು ಮದುವೆ ಮನೆಗೆ ಹೋಗಿ, "ಸ್ವಲ್ಪ ಲೈಟ್ ಆಫ್ ಮಾಡ್ತೀರಾ?" ಎಂದು ಕೇಳಿದೆ.

ಹೌದು, ಮದುವೆ ಮನೆಗೇ. ಅದೂ ಮೈಲಾಂಜಿಯ ರಾತ್ರಿ. (ಮೆಹಂದಿಗೆ ನಾವು ಬ್ಯಾರಿಗಳು ಹಾಗೆ ಹೇಳುವುದು.) ಗೇಟಿನಿಂದ ಹಿಡಿದು ತೆಂಗಿನ ಮರದ ತುದಿಯವರೆಗೆ ಸೀರಿಯಲ್ ಸೆಟ್ ಮಿನುಗುತ್ತಿರುವಾಗ. ನಿನಗೇನು ಹುಚ್ಚಾ ಎಂದು ನೀವು ಕೇಳಬಹುದು. ಕೇಳಿ. ನಮ್ಮ ಯಜಮಾನರು ಆಗಲೇ ಕೇಳಿಯಾಗಿದೆ.

ವಿಷಯ ಇಷ್ಟು. ಮಗಳು ಶಿಫಾ ಡಿಗ್ರಿ ಎರಡನೇ ವರ್ಷ. ಊರಿನ ಕೆಲವು ಚಿತ್ರ ಬಿಡಿಸುವವರು, ಫೋಟೋ ತೆಗೆಯುವವರು ಸೇರಿ ಬೇಸಗೆಯ ಆಕಾಶ ಎಂಬ ವಿಷಯದ ಮೇಲೆ ಒಂದು ಪ್ರದರ್ಶನ ಇಟ್ಟಿದ್ದರು. ಪೇಂಟಿಂಗ್ ಆಗಬಹುದು, ಫೋಟೋ ಆಗಬಹುದು. ಷರತ್ತು ಒಂದೇ: ನಕ್ಷತ್ರವೂ ಇರಬೇಕು, ನಮ್ಮ ಕಡಲತಡಿಯ ಒಬ್ಬ ಮನುಷ್ಯನೂ ಇರಬೇಕು. ಇವಳು ಹೆಸರು ಕೊಟ್ಟಳು. ಗೆಳತಿಯ ಕ್ಯಾಮೆರಾ ಕೇಳಿ ತಂದಳು. ಆಮೇಲೆ ಮೂರು ರಾತ್ರಿ ಬರೀ ಮೋಡ.

ಉಳಿದದ್ದು ಒಂದೇ ರಾತ್ರಿ. ಮರುದಿನ ಮಧ್ಯಾಹ್ನದೊಳಗೆ ಫೋಟೋ ತಲುಪಬೇಕು. ಕ್ಯಾಮೆರಾವೂ ಅದರ ಯಜಮಾನಿಯನ್ನು ತಲುಪಬೇಕು.

ಪಡೀಲಿನ ನಮ್ಮ ಟೆರೇಸಿನಿಂದ ನಕ್ಷತ್ರ ಹುಡುಕುವುದು ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಅಷ್ಟು ಲೈಟು. ಹಾಗಾಗಿ ಇಬ್ಬರೂ ನನ್ನ ತವರುಮನೆಗೆ ಹೋದೆವು. ತೊಕ್ಕೊಟ್ಟಿನಿಂದ ಕಡಲ ಕಡೆಗೆ ಇಳಿದರೆ ಸಿಗುವ ಮನೆ. ಹಿತ್ತಿಲು ದಾಟಿದರೆ ಮರಳು. ರಾತ್ರಿಯ ಇಶಾ ನಮಾಜು ಮುಗಿಸಿ ಹೊರಗೆ ಬಂದು ನೋಡಿದರೆ ಮೋಡದ ಒಂದು ಚೂರೂ ಇಲ್ಲ, ಚಂದ್ರನೂ ಇಲ್ಲ. ಅಲ್‌ಹಮ್ದುಲಿಲ್ಲಾಹ್ ಅಂದುಕೊಂಡೆ.

"ಉಮ್ಮ, ಅಲ್ಲಿ ಕೂತ್ಕೊ. ಇಪ್ಪತ್ತೈದು ಸೆಕೆಂಡ್ ಅಲುಗಾಡ್ಲಿಕ್ಕಿಲ್ಲ," ಎಂದಳು ಶಿಫಾ.

ಕತ್ತಲಲ್ಲಿ ಕ್ಯಾಮೆರಾ ಅಷ್ಟು ಹೊತ್ತು ಕಣ್ಣು ತೆರೆದೇ ಇರಬೇಕಂತೆ. ಅಷ್ಟರಲ್ಲಿ ಅಲುಗಾಡಿದವರು ಹೊಗೆಯ ಹಾಗೆ ಬರುತ್ತಾರಂತೆ. ಇಪ್ಪತ್ತೈದು ಸೆಕೆಂಡ್ ಏನು ಮಹಾ? ಕೂತೆ. ತಲೆಯ ಮೇಲಿನ ಶಾಲು ಜಾರಿತು, ಎಳೆದುಕೊಂಡೆ. ಎರಡನೇ ಸಲ, ಮೀನಿನ ಪಾತ್ರೆಗೆ ಮುಚ್ಚಳ ಹಾಕಿದೆನೋ ಇಲ್ಲವೋ ಎಂದು ಮನೆಯ ಕಡೆ ತಿರುಗಿದೆ. ಮೂರನೇ ಸಲ ಪಾದದ ಮೇಲೆ ಒಂದು ಏಡಿ ಹತ್ತಿತು. (ಅದು ನನ್ನ ತಪ್ಪಲ್ಲ.) ಕ್ಯಾಮೆರಾದಲ್ಲಿ ನೋಡಿದರೆ ನನಗೆ ಎರಡು ತಲೆ.

"ನಮಾಜಿನಲ್ಲಿ ಅಷ್ಟು ಹೊತ್ತು ಕೂರ್ತಿಯಲ್ಲ ಉಮ್ಮ!"

"ಅಲ್ಲಿ ನೋಡುವವನು ಬೇರೆ."

ಎರಡು ತಲೆಯಾದರೂ ಸಹಿಸಬಹುದಿತ್ತು. ಆಕಾಶವೇ ಹಾಳಾಗಿತ್ತು. ಪಕ್ಕದ ಮನೆಯಲ್ಲಿ ಮದುವೆ. ಅವರ ಸೀರಿಯಲ್ ಸೆಟ್ ಕೆಂಪಾದಾಗ ಆಕಾಶವೂ ಕೆಂಪು, ಹಸಿರಾದಾಗ ಹಸಿರು. ನಕ್ಷತ್ರ ಎಲ್ಲಿ ಎಂದು ಭೂತಗನ್ನಡಿ ಹಿಡಿದು ನೋಡಬೇಕು.

ಶಿಫಾ ಅಳಲಿಲ್ಲ. ಕ್ಯಾಮೆರಾದ ಮುಚ್ಚಳ ಹಾಕಿದಳು. "ಆಯ್ತು, ಹೋಗುವ ಉಮ್ಮ," ಎಂದಳು. ಅತ್ತಿದ್ದರೆ ಗದರಿಸಿ ಕರೆದುಕೊಂಡು ಹೋಗುತ್ತಿದ್ದೆ. ಆ "ಹೋಗುವ" ಕೇಳಿ ತಡೆಯಲಾಗಲಿಲ್ಲ.

ನಮ್ಮವರಿಗೆ ಫೋನ್ ಮಾಡಿದೆ. ಅವರದು ತೊಕ್ಕೊಟ್ಟಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ. ಆ ಸೀರಿಯಲ್ ಸೆಟ್ ಅಷ್ಟೂ ಹೋದದ್ದು ಅಲ್ಲಿಂದಲೇ!

"ಹುಚ್ಚಾ ನಿನಗೆ?" ಎಂದರು. "ಲೈಟ್ ಕೊಡುವುದು ನಾನು, ಆರಿಸ್ಲಿಕ್ಕೆ ಹೇಳುವುದು ನೀನು. ಒಳ್ಳೆ ಪಾರ್ಟ್‌ನರ್‌ಶಿಪ್ ಮಾರಾಯ್ತಿ!"

ಬೇಡ ಎಂದು ಮಾತ್ರ ಹೇಳಲಿಲ್ಲ. ಹೋದೆ.

ಮದುವೆ ಮನೆಯಲ್ಲಿ ಬಂದ ಕೆಲಸವನ್ನು ನೇರವಾಗಿ ಹೇಳಲು ಬಿಡುತ್ತಾರೆಯೇ? ಮೊದಲು ಲಿಂಬೆ ಶರಬತ್ತು. ಆಮೇಲೆ ಬಿರಿಯಾನಿ. ಊಟ ಆಗಿದೆ ಎಂದರೆ, "ಅದು ನಿಮ್ಮ ಮನೆಯ ಊಟ" ಎಂಬ ಉತ್ತರ. ಒಂದು ಕಣ್ಣು ಗೋಡೆಯ ಗಡಿಯಾರದ ಮೇಲಿಟ್ಟು ನಾಲ್ಕು ತುತ್ತು ತಿಂದೆ. ಮದುಮಗಳು ಮುಬೀನಾ ಕೋಣೆಯ ನಡುವೆ ಎರಡೂ ಕೈ ಚಾಚಿಕೊಂಡು ಕೂತಿದ್ದಳು. ಮೊಣಕೈವರೆಗೆ ಹಸಿ ಮೈಲಾಂಜಿ. ಪಕ್ಕದಲ್ಲಿ ಅವಳ ಅಜ್ಜಿ ಐಸಮ್ಮ. ಆ ಮನೆಯಲ್ಲಿ ಎಲ್ಲರ ಮಾತಿಗೂ ಕೊನೆಯ ಮಾತು ಅವರದು.

ಕೇಳಿದೆ. (ನಾವು ಆಡಿದ್ದು ಬ್ಯಾರಿ ಭಾಷೆಯಲ್ಲಿ. ನಿಮಗಾಗಿ ಕನ್ನಡದಲ್ಲಿ.)

"ಮದುವೆ ಮನೆಯ ಲೈಟ್ ಆರಿಸ್ಲಿಕ್ಕೆ ಉಂಟಾ? ನೋಡಿದವರು ಎಂತ ಹೇಳಿಯಾರು?" ಎಂದಳು ಮದುಮಗಳ ಉಮ್ಮ.

"ಹತ್ತು ನಿಮಿಷ. ಮಗಳಿಗೆ ನಕ್ಷತ್ರದ ಫೋಟೋ ಬೇಕು."

"ನಕ್ಷತ್ರ ನಾಳೆಯೂ ಇರ್ತದಲ್ಲ?"

"ಇರ್ತದೆ. ಕ್ಯಾಮೆರಾ ಇರುವುದಿಲ್ಲ."

ಯಾರೋ ಕಿಸಕ್ಕೆಂದರು. ಐಸಮ್ಮಜ್ಜಿ ನಗಲಿಲ್ಲ. "ನನ್ನ ಮದುವೆಗೆ ಇದ್ದದ್ದು ಎರಡು ಗ್ಯಾಸ್‌ಲೈಟ್. ಅದರಲ್ಲಿ ಒಂದು ಕೆಟ್ಟು ಹೋಯ್ತು," ಎಂದರು. "ಮದುಮಗನ ಮುಖ ಸರಿಯಾಗಿ ಕಂಡದ್ದು ಮರುದಿನ ಬೆಳಿಗ್ಗೆ. ಆಗ ಎಂತ ಮಾಡ್ಲಿಕ್ಕಾಗ್ತದೆ? ಐವತ್ತು ವರ್ಷ ಬಾಳಿದೆ."

ಈಗ ಕೋಣೆಯೇ ನಕ್ಕಿತು. ಇದೇ ಸಂದು ಎಂದು ನಾನು ಎರಡು ತಲೆಯ ಕಥೆಯನ್ನೂ ಹೇಳಿಬಿಟ್ಟೆ.

"ಸುಮ್ಮನೆ ಕೂರುವ ಜನ ಬೇಕಾ ಮಾಮಿ?" ಮುಬೀನಾ ಬಾಯಿ ತೆರೆದಳು. "ನಾನಿಲ್ವಾ? ಮೂರು ಗಂಟೆಯಿಂದ ನನಗೆ ಅದೇ ಕೆಲಸ."

"ಮೈಲಾಂಜಿ ಇಟ್ಟ ಹುಡುಗಿ ಹೊತ್ತು ಮುಳುಗಿ ಮಗ್ರಿಬ್ ಆದ ಮೇಲೆ ಅಂಗಳ ದಾಟ್ಲಿಕ್ಕಿಲ್ಲ," ಎಂದರು ಅಜ್ಜಿ. ಕೊನೆಯ ಮಾತು. ಮುಗಿಯಿತು ಅಂದುಕೊಂಡೆ.

ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಶಿಫಾ, "ದಾಟುವುದು ಬೇಡ ಅಜ್ಜಿ," ಎಂದಳು. "ನಿಮ್ಮ ಅಂಗಳದಿಂದಲೇ ಕಡಲು ಕಾಣ್ತದಲ್ಲ. ನಾನೇ ಕ್ಯಾಮೆರಾ ತರ್ತೇನೆ."

"ಮುಖ ಕಾಣ್ತದಾ?"

"ಹಿಂದಿನಿಂದ ತೆಗೆಯುವುದು. ಕಪ್ಪಗೆ ಆಕಾರ ಮಾತ್ರ ಬರ್ತದೆ. ಯಾರು ಅಂತ ಗೊತ್ತಾಗುವುದಿಲ್ಲ."

ಅಜ್ಜಿ ಒಂದು ಕ್ಷಣ ಲೆಕ್ಕ ಹಾಕಿದರು. "ಹಾಗಾದರೆ ಕೇಳಿದವರಿಗೆ ಕೂತದ್ದು ನಾನು ಅಂತ ಹೇಳುವ. ಹೋಗಿ, ಮೇನ್ ಸ್ವಿಚ್ಚೇ ತೆಗೀರಿ!"

ಲೈಟ್ ಹೋಯಿತು. ಮಕ್ಕಳು ಹೋ ಎಂದರು. ಮರುಕ್ಷಣ ಏನಾಯಿತು ಗೊತ್ತೇ? ಮದುಮಗಳು ಎಡವಬಾರದೆಂದು ಮನೆ ತುಂಬ ಇದ್ದ ನೆಂಟರೆಲ್ಲ ಒಟ್ಟಿಗೆ ಮೊಬೈಲ್ ಟಾರ್ಚ್ ಹಾಕಿದರು. ಸೀರಿಯಲ್ ಸೆಟ್ಟೇ ವಾಸಿ ಎನಿಸುವಷ್ಟು ಬೆಳಕು.

"ಲೈಟ್ ಆರಿಸಿದ್ದು ಟಾರ್ಚ್ ಹಾಕ್ಲಿಕ್ಕಾ ಮಾರಾಯ್ರೆ? ಕಿಸೆಗೆ ಹಾಕಿ!" ಎಂದು ಅಜ್ಜಿ ಗುಡುಗಿದರು.

ಒಂದೊಂದೇ ಟಾರ್ಚ್ ಆರಿತು. ಆಮೇಲೆ ನಾವೆಲ್ಲ ತಲೆ ಎತ್ತಿದೆವು.

ಮೊದಲು ಹತ್ತಿಪ್ಪತ್ತು ಕಂಡವು. ಕಣ್ಣು ಹೊಂದಿಕೊಂಡ ಹಾಗೆ ನೂರಾದವು. ಆಮೇಲೆ, ಕಪ್ಪು ಕಲ್ಲಿನ ಮೇಲೆ ತೆಂಗಿನ ತುರಿ ಚೆಲ್ಲಿದ ಹಾಗೆ. ಮಾತಿಗೆ ನಿಲುಗಡೆಯೇ ಇಲ್ಲದ ಮನೆಯಲ್ಲಿ ಅಲೆಯ ಸದ್ದು ಕೇಳಿಸಿತು. ಯಾರೋ ಮೆಲ್ಲಗೆ "ಸುಬ್‌ಹಾನಲ್ಲಾಹ್" ಎಂದರು. ನಾನು ಹುಟ್ಟಿ ಬೆಳೆದ ಊರು ಇದು. ಇಷ್ಟು ನಕ್ಷತ್ರ ಅಲ್ಲೇ ಇದ್ದವು. ಅಡುಗೆ, ಪಾತ್ರೆ, ನಾಳೆಯ ತಿಂಡಿ ಎಂದು ನೆಲ ನೋಡಿಕೊಂಡೇ ಓಡಾಡಿದವಳಿಗೆ ಅಲ್ಲಾಹು ಇವನ್ನೂ ಕೊಟ್ಟಿದ್ದನಲ್ಲ! ಮಲಗುವ ಮುಂಚೆ ಆ ದಿನ ಸಿಕ್ಕಿದ್ದನ್ನು ಬೆರಳಲ್ಲಿ ಎಣಿಸಿ ಅವನಿಗೆ ಶುಕ್ರ್, ಅಂದರೆ ಕೃತಜ್ಞತೆ, ಹೇಳುವುದು ನನ್ನ ಅಭ್ಯಾಸ. ಅಂದು ಬೆರಳು ಸಾಲಲಿಲ್ಲ.

ಮುಬೀನಾ ಅಂಗಳದ ಮೋಟು ಗೋಡೆಯ ಮೇಲೆ ಕಡಲಿಗೆ ಮುಖ ಮಾಡಿ ಕೂತಿದ್ದಳು. ಬಣ್ಣ ಬಟ್ಟೆಗೆ ತಾಗದ ಹಾಗೆ ಎರಡೂ ಕೈ ಚಾಚಿ, ಅಂಗೈ ಮೇಲಕ್ಕೆ.

"ಅಜ್ಜಿ, ಮೂಗು ತುರಿಸ್ತದೆ," ಎಂದಳು ಪಿಸುಮಾತಿನಲ್ಲಿ.

"ಸಬೂರ್ ಮಾಡು ಮೋಳೆ, ತಾಳ್ಮೆ. ನಾಳೆಯಿಂದ ಅದೇ ಬೇಕಾಗುವುದು."

ಇಪ್ಪತ್ತೈದು ಸೆಕೆಂಡ್. ಹುಡುಗಿ ಉಸಿರಾಡಿದ್ದೂ ಕಾಣಲಿಲ್ಲ. ಒಂದೇ ಸಲಕ್ಕೆ ಬಂತು. ಶಿಫಾ ಕ್ಯಾಮೆರಾದ ಪರದೆಯನ್ನು ನನಗೆ ತೋರಿಸಿದಳು. ಮಗಳ ಆ ಮುಖ ನೋಡಲು ನನಗೆ ಯಾವ ಲೈಟೂ ಬೇಕಾಗಲಿಲ್ಲ.

ಮರುದಿನ ಫೋಟೋ ಹೊತ್ತಿಗೆ ಸರಿಯಾಗಿ ತಲುಪಿತು. ಮೊನ್ನೆ ಭಾನುವಾರ ಪ್ರದರ್ಶನ. ಬಹುಮಾನ? ಇಲ್ಲ. ತೂಗುಹಾಕಿದ್ದೂ ಕುಡಿಯುವ ನೀರಿನ ಕ್ಯಾನಿನ ಪಕ್ಕ. (ಅದೂ ಒಳ್ಳೆಯದೇ. ಈ ಸೆಕೆಗೆ ಎಲ್ಲರೂ ಅಲ್ಲಿಗೆ ಬಂದೇ ಬಂದರು.) ಕುಲಶೇಖರದಿಂದ ಬಂದಿದ್ದ ಒಬ್ಬ ಹಿರಿಯರು ಲೋಟ ಹಿಡಿದು ಬಹಳ ಹೊತ್ತು ನಿಂತು ನೋಡಿದರು. "ಎಷ್ಟು ಭಕ್ತಿಯಿಂದ ಪ್ರಾರ್ಥನೆ ಮಾಡ್ತಿದ್ದಾಳಲ್ಲಮ್ಮಾ ಈ ಹುಡುಗಿ!" ಎಂದರು.

ಶಿಫಾ ನನ್ನ ಮುಖ ನೋಡಿದಳು. ಕೈ ಒಣಗಿಸುತ್ತಿದ್ದಾಳೆ ಸರ್ ಎನ್ನಲು ನಾಲಗೆಯವರೆಗೆ ಬಂತು. ಒಂದು ಲೋಟ ನೀರಿನ ಜೊತೆ ಅದನ್ನು ನುಂಗಿದೆ. ಮದುವೆಯ ಹಿಂದಿನ ರಾತ್ರಿ ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತೆಂದು ನನಗೇನು ಗೊತ್ತು?

ಸೋಮವಾರ ಬೆಳಿಗ್ಗೆ ಮುಬೀನಾಳದ್ದೇ ಫೋನ್. "ಮಾಮಿ, ಶಿಫಾಳ ಹತ್ತಿರ ಆ ಫೋಟೋ ಕಳಿಸ್ಲಿಕ್ಕೆ ಹೇಳಿ. ಮದುವೆ ಆಲ್ಬಂಗೆ ಹಾಕ್ತೇನೆ."

"ಅದರಲ್ಲಿ ನಿನ್ನ ಮುಖವೇ ಇಲ್ಲವಲ್ಲ ಮೋಳೆ?"

"ಮುಖ ಇರುವುದು ಬೇಕಾದಷ್ಟು ಉಂಟು ಮಾಮಿ. ಈ ಕಡೆ ತಿರುಗು, ನಗು, ಇನ್ನೊಂದ್ಸಲ ನಗು ಅಂತ ಹೇಳಿ ಹೇಳಿ ತೆಗೆದದ್ದು. ನಗು ಅಂತ ಯಾರೂ ಹೇಳದೆ ತೆಗೆದದ್ದು ಅದೊಂದೇ."

ಫೋನ್ ಇಟ್ಟು ನಮ್ಮ ಮದುವೆಯ ಆಲ್ಬಂ ಹೊರಗೆ ತೆಗೆದೆ, ಕೊನೆಯ ಪುಟದವರೆಗೂ ಹುಡುಕಿದೆ. ನಿಮ್ಮ ಆಲ್ಬಂನಲ್ಲಾದರೂ ಅಂಥದ್ದೊಂದು ಸಿಕ್ಕೀತೇ?