ಅರಿಶಿನ ನಿಂತ ಕಣ್ಣು

ಮೊದಲು ನೋವು ಬಂದದ್ದು ದವಡೆಗೆ. ಎದೆಗಲ್ಲ.

ಬಿಳಿಕೆರೆಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಲೈನಿಂಗ್ ಬಟ್ಟೆ ತರಲು ಹುಣಸೂರಿನ ಬಸ್ಸು ಹತ್ತಿದ್ದೆ. ಎಡದವಡೆ ಯಾರೋ ಇಕ್ಕಳದಲ್ಲಿ ಹಿಡಿದ ಹಾಗಾಯಿತು. ಹುಳುಕು ಹಲ್ಲಿನ ಕಾಟ ಇರಬೇಕು ಅಂದುಕೊಂಡೆ. ಆಮೇಲೆ ಎಡಗೈ ಭಾರವಾಯಿತು. ಬೆವರು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಗ್ಯಾಸು ಕಣವ್ವ, ಇಳಿದ ತಕ್ಷಣ ಒಂದು ಸೋಡಾ ಕುಡಿ" ಅಂದಳು. ಕುಡಿದೆ. ಸೋಡಾ ಅಂಗಡಿಯ ಮುಂದೆಯೇ ಕುಸಿದು ಕೂತೆ.

ಹುಣಸೂರಿನಲ್ಲಿ ಇಸಿಜಿ ತೆಗೆದವರು ನನ್ನ ಮುಖ ನೋಡಲಿಲ್ಲ, ಕಾಗದವನ್ನೇ ನೋಡಿದರು. ಹಾರ್ಟ್ ಅಟ್ಯಾಕ್ ಅಂದರು.

ನನಗಾ?

ಇನ್ನೂ ನಲವತ್ತು ತುಂಬಿಲ್ಲ. ಊರಲ್ಲಿ ನನ್ನನ್ನು ಕರೆಯುವುದೇ ಕಡ್ಡಿ ಸವಿತಾ ಅಂತ. ಮಾಂಸ ತಿನ್ನುವುದು ಹಬ್ಬಕ್ಕೊಮ್ಮೆ, ತುಪ್ಪದ ವಾಸನೆಯೇ ಆಗುವುದಿಲ್ಲ. ಆಂಬುಲೆನ್ಸಿನಲ್ಲಿ ಮೈಸೂರಿಗೆ ಹೋಗುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದೊಂದೇ ವಾದ ನಡೆದಿತ್ತು, ಬೇರೆ ಯಾರದೋ ಕಾಯಿಲೆಯನ್ನು ನನ್ನ ಹೆಸರಿಗೆ ಬರೆದುಬಿಟ್ಟಿದ್ದಾರೆ ಅಂತ.

ಮೈಸೂರಿನ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಮ್ ಮಾಡಿ ಸ್ಟೆಂಟ್ ಹಾಕಿದರು. ಮಾರನೆಯ ದಿನ ಡಾಕ್ಟರು ಬಂದು, "ರಕ್ತದಲ್ಲಿ ಕೊಬ್ಬು ತುಂಬಾ ಜಾಸ್ತಿ ಇದೆಯಮ್ಮ" ಅಂದರು. ನನ್ನ ಗಂಡ ಮಹದೇವ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದರು. ಹೆದರಿಕೆಯಿಂದ ಎರಡು ದಿನ ಊಟವನ್ನೇ ಮಾಡಿರದ ಮನುಷ್ಯ. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಇವಳಿಗೆ ಕೊಬ್ಬಿರೋದು ಗೊತ್ತಿತ್ತು ಸಾರ್. ರಕ್ತದಲ್ಲಿ ಅಂತ ಗೊತ್ತಿರ್ಲಿಲ್ಲ."

ಡಾಕ್ಟರು ನಕ್ಕರು. ನಾನೂ ನಕ್ಕೆ, ಎದೆ ಎಳೆದಂತಾಗಿ ನಿಲ್ಲಿಸಿದೆ. ಅಷ್ಟರಲ್ಲಿ ಡಾಕ್ಟರು ನಗು ನಿಲ್ಲಿಸಿ ನನ್ನ ಕಣ್ಣನ್ನೇ ನೋಡುತ್ತಿದ್ದರು. ಹತ್ತಿರ ಬಂದು, ಮೂಗಿನ ಪಕ್ಕ ರೆಪ್ಪೆಯ ಮೇಲಿದ್ದ ಹಳದಿ ಮಚ್ಚೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದರು. ಆಮೇಲೆ ಹೊದಿಕೆ ಸರಿಸಿ ನನ್ನ ಹಿಮ್ಮಡಿಯ ಮೇಲಿನ ನರವನ್ನು ಹಿಸುಕಿ ನೋಡಿದರು. ಅಲ್ಲಿ ಗಂಟು ಗಂಟಾಗಿ ದಪ್ಪಗಿರುವುದು ನನಗೆ ಗೊತ್ತಿತ್ತು. ಹೊಲಿಗೆ ಮೆಷಿನ್ ತುಳಿದೂ ತುಳಿದೂ ಹಾಗಾಗಿದೆ ಅಂದುಕೊಂಡಿದ್ದೆ.

"ಕಣ್ಣಿನದು ಯಾವಾಗಿಂದ ಇದೆ?"

ನಾನು ಹೆಮ್ಮೆಯಿಂದಲೇ ಹೇಳಿದೆ. ನನ್ನ ತವರು ಎಚ್.ಡಿ. ಕೋಟೆ ಕಡೆಯ ಹಳ್ಳಿ. ನಮ್ಮ ಅಮ್ಮನ ಕಡೆಯ ಹೆಂಗಸರಿಗೆ ಮದುವೆಯಾಗಿ ಕೆಲವು ವರ್ಷಕ್ಕೆ ರೆಪ್ಪೆಯ ಮೇಲೆ ಹೀಗೆ ಹಳದಿ ಕೂರುತ್ತದೆ. ಅದಕ್ಕೆ ನಮ್ಮ ಮನೆಯಲ್ಲಿ ಅರಿಶಿನ ನಿಂತ ಕಣ್ಣು ಅನ್ನುತ್ತಾರೆ. ದಿನಾ ಹಚ್ಚುವ ಅರಿಶಿನ ತೊಳೆದರೂ ಹೋಗದೆ ನಿಂತುಬಿಟ್ಟಿದೆ ಅಂತ ಅರ್ಥ. ಅರಿಶಿನ ನಿಂತವಳು ಮುತ್ತೈದೆಯಾಗಿಯೇ ಹೋಗುತ್ತಾಳೆ ಅನ್ನುವುದು ನಂಬಿಕೆ. ನಮ್ಮ ಅಮ್ಮನಿಗಿತ್ತು, ಅಜ್ಜಿಗಿತ್ತು, ಚಿಕ್ಕವ್ವನಿಗೂ ಇತ್ತು.

"ಅವರೆಲ್ಲ ಈಗ?"

"ಎಲ್ಲಾ ಮುತ್ತೈದೆಯಾಗೇ ಹೋದರು ಸಾರ್."

"ಎಷ್ಟು ವಯಸ್ಸಿಗೆ?"

ಬೆರಳು ಮಡಿಚಿ ಲೆಕ್ಕ ಹಾಕಿದೆ.

ಅಮ್ಮ ಹೋದಾಗ ಅವಳಿಗೆ ಈಗಿನ ನನ್ನ ವಯಸ್ಸು. ರಾಗಿಮುದ್ದೆ ತೊಳಸುತ್ತಿದ್ದವಳು ಒಲೆಯ ಮುಂದೆಯೇ ಒರಗಿದಳು. ಊರ ಹೆಂಗಸರು ಮೈಗೆ ಅರಿಶಿನ ಬಳಿದು, ಕೈ ತುಂಬ ಹಸಿರು ಬಳೆ ತೊಡಿಸಿ, ಪುಣ್ಯವಂತೆ ಪುಣ್ಯವಂತೆ ಅಂತ ಅವಳ ಹಣೆಯ ಕುಂಕುಮವನ್ನೇ ತಮ್ಮ ಹಣೆಗೆ ಇಟ್ಟುಕೊಂಡರು. ನಾನಾಗ ಲಂಗ ದಾವಣಿಯ ಹುಡುಗಿ. ಎಲ್ಲರೂ ಪುಣ್ಯ ಅಂದ ಮೇಲೆ ಅಳುವುದು ಹೇಗೆ ಅಂತಲೇ ತಿಳಿದಿರಲಿಲ್ಲ.

"ಅದು ಅರಿಶಿನ ಅಲ್ಲಮ್ಮ," ಅಂದರು ಡಾಕ್ಟರು. "ಕೊಲೆಸ್ಟ್ರಾಲ್."

ಅವರು ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ಕೊಬ್ಬು ಅಂದರೆ ಶತ್ರು ಅಲ್ಲವಂತೆ. ಅದಿಲ್ಲದೆ ದೇಹವೇ ಇಲ್ಲ. ಒಂದೊಂದು ಜೀವಕೋಶದ ಗೋಡೆಗೂ ಅದು ಬೇಕು, ಮಿದುಳಿಗೆ ಬೇಕು, ಹೆಣ್ಣನ್ನು ಹೆಣ್ಣಾಗಿಸುವ ಹಾರ್ಮೋನಿಗೂ ಬೇಕು. ಕೊಲೆಸ್ಟ್ರಾಲಿನ ಬಹುಪಾಲನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿ ಮಿಕ್ಕಿದ್ದನ್ನು ಲಿವರ್ ಒಳಗೆ ಎಳೆದುಕೊಳ್ಳಬೇಕು. ನಮ್ಮ ಮನೆತನದಲ್ಲಿ ಹಾಗೆ ಎಳೆದುಕೊಳ್ಳುವ ಬಾಗಿಲುಗಳೇ ಹುಟ್ಟಿನಿಂದ ಕಡಿಮೆ. ಒಳಗೆ ಹೋಗಲಾಗದ ಎಲ್‌ಡಿಎಲ್ ಅನ್ನುವ ಕೊಲೆಸ್ಟ್ರಾಲ್ ಹೃದಯದ ರಕ್ತನಾಳದಲ್ಲಿ ಕೂರುತ್ತದೆ, ಹಿಮ್ಮಡಿಯಲ್ಲಿ ಕೂರುತ್ತದೆ, ರೆಪ್ಪೆಯಲ್ಲಿ ಕೂರುತ್ತದೆ. ತೆಳ್ಳಗಿದ್ದರೂ ಅಷ್ಟೇ, ದಪ್ಪಗಿದ್ದರೂ ಅಷ್ಟೇ.

ಕೊನೆಗೆ ಕೇಳಿದರು, "ಮಕ್ಕಳಿದ್ದಾರಾ?"

ಸ್ಟೆಂಟ್ ಹಾಕಿದಾಗಲೂ ನಾನು ಅಷ್ಟು ಹೆದರಿರಲಿಲ್ಲ. ನಮಗಿರುವುದು ಒಬ್ಬಳೇ ಮಗಳು, ಚೈತ್ರ. ಪಿಯುಸಿ ಓದುತ್ತಿದ್ದಾಳೆ. ತಾಯಿಯಿಂದ ಮಗುವಿಗೆ ಬರುವುದೂ ಬಾರದಿರುವುದೂ ಸರಿಸಮ, ಲಿಪಿಡ್ ಪ್ರೊಫೈಲ್ ಅನ್ನುವ ರಕ್ತಪರೀಕ್ಷೆ ಮಾಡಿಸಲೇಬೇಕು ಅಂದರು.

ಮನೆಗೆ ಬಂದ ಮೇಲೆ ನೆಮ್ಮದಿ ಅನ್ನುವುದು ಇರಲಿಲ್ಲ. ಕೂತರೆ ನಾಡಿ ಹಿಡಿದು ನೋಡಿಕೊಳ್ಳುವುದು. ಮಲಗಿದರೆ ದವಡೆ ಮುಟ್ಟಿಕೊಳ್ಳುವುದು. ಒಗ್ಗರಣೆಗೆ ಎಣ್ಣೆ ಹಾಕುವುದನ್ನೇ ಬಿಟ್ಟೆ. ಬರೀ ನೀರಿನ ಸಾರು ಉಂಡು ಗಂಡನ ಮುಖ ಬಾಡಿತು. ಅಂಗಡಿ ತೆರೆದರೆ ಇನ್ನೊಂದು ಹಿಂಸೆ. ಅಳತೆ ಕೊಡಲು ಬಂದ ಹೆಂಗಸರ ಎದೆಸುತ್ತಳತೆ ಬಿಟ್ಟು ರೆಪ್ಪೆ ನೋಡುತ್ತಿದ್ದೆ, ಹಿಮ್ಮಡಿ ನೋಡುತ್ತಿದ್ದೆ. ಒಬ್ಬಳು, "ಏನಕ್ಕ, ಬ್ಲೌಸ್ ಹೊಲೀತೀಯೋ ಕಾಲುಂಗುರ ಮಾಡ್ತೀಯೋ?" ಅಂತ ಕೇಳಿಯೇಬಿಟ್ಟಳು.

ಚೈತ್ರಳನ್ನು ಮಾತ್ರ ಟೆಸ್ಟಿಗೆ ಕರೆದುಕೊಂಡು ಹೋಗಿರಲಿಲ್ಲ. ಇವರು ಒಪ್ಪಲಿಲ್ಲ.

"ಅವಳ ಕಣ್ಣು ನೋಡು, ಒಂದು ಚುಕ್ಕೆನೂ ಇಲ್ಲ. ಬುಡು ಅತ್ತಾಗೆ. ಇಲ್ಲದ ಕಾಯಿಲೆನ ಯಾಕೆ ಮೈಮೇಲೆ ಎಳ್ಕೊಳ್ಳೋದು? ನಾಳೆ ಗಂಡು ನೋಡೋಕೆ ಬಂದೋರು ಕೇಳಿದ್ರೆ ಏನಂತ ಹೇಳೋದು?"

ನನಗೂ ಒಳಗೊಳಗೇ ಅದೇ ಬೇಕಾಗಿತ್ತು. ತಿಳಿಯದಿದ್ದರೆ ಇಲ್ಲ ಅಂದುಕೊಂಡು ಬದುಕಬಹುದು. ಹಾಗೆಯೇ ಅಲ್ಲವೇ ನಮ್ಮ ಮನೆಯಲ್ಲಿ ಮೂವರು ಬದುಕಿದ್ದು. ಆಮೇಲೆ ಹೋದದ್ದು.

ಒಂದು ಬೆಳಿಗ್ಗೆ ಚೈತ್ರ ಕನ್ನಡಿ ಮುಂದೆ ನಿಂತು ರೆಪ್ಪೆ ಎಳೆದು ನೋಡಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ತಿರುಗಿದಳು.

"ಅಮ್ಮ, ನಿಂಗೆ ಇದು ಬಂದಿದ್ದು ನಾನು ಹುಟ್ಟಿದ ಮೇಲೆ ತಾನೇ? ಅಂದ್ರೆ ಮಚ್ಚೆ ಬರೋ ಮುಂಚೇನೂ ಒಳಗಿತ್ತು ಅಂತ ಆಯ್ತಲ್ಲ?"

ಅವತ್ತೇ ಮೈಸೂರಿನ ಬಸ್ಸು ಹತ್ತಿದೆವು. ಬೇಡ ಅಂದಿದ್ದ ಇವರೂ ಹಿಂದಿನ ಬಾಗಿಲಿಂದ ಹತ್ತಿ ಬಂದು ನಮ್ಮ ಪಕ್ಕ ಕೂತರು.

ಚೈತ್ರಳಿಗೂ ಇದೆ.

ಡಾಕ್ಟರು ಅದನ್ನು ಹೇಳಿ, ನಾನು ಕಣ್ಣೊರೆಸಿಕೊಳ್ಳುವವರೆಗೂ ಕಾದರು. "ನಿಮಗೆ ಗೊತ್ತಾಗಿದ್ದು ಅಟ್ಯಾಕ್ ಆದ ಮೇಲೆ. ಇವಳಿಗೆ ಈಗಲೇ ಗೊತ್ತಾಗಿದೆ. ಮಾತ್ರೆ ಈಗಿಂದ ತಗೊಂಡರೆ ಎಲ್ಲರ ಹಾಗೆ ಬಾಳಬಹುದು. ಮತ್ತೆ ನೀವು, ಒಗ್ಗರಣೆಗೆ ಒಂದು ಚಮಚ ಎಣ್ಣೆ ಹಾಕಿ. ಮಾತ್ರೆ ತಗೊಳ್ಳದೆ ಬರೀ ಎಣ್ಣೆ ಬಿಟ್ಟರೆ ಪ್ರಯೋಜನವಿಲ್ಲ." ಇವರು ಆ ಎಣ್ಣೆಯ ಮಾತನ್ನು ಮಾತ್ರ ಎರಡು ಸಲ ಹೇಳಿಸಿಕೊಂಡರು.

ಹೋದ ತಿಂಗಳು ತವರಿಗೆ ಹೋಗಿದ್ದೆವು. ಅಲ್ಲಿ ದೊಡ್ಡವ್ವ ಇದ್ದಾಳೆ, ನಮ್ಮಮ್ಮನ ಅಕ್ಕ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಆ ಮನೆಯ ಹೆಣ್ಣುಮಕ್ಕಳಲ್ಲಿ ಅವಳೊಬ್ಬಳ ರೆಪ್ಪೆಗೇ ಹಳದಿ ಬರಲಿಲ್ಲ. ಗಂಡ ಬೇಗ ತೀರಿಕೊಂಡ. "ನಂಗೆ ಆ ಭಾಗ್ಯ ಇರ್ಲಿಲ್ಲ ಕಣವ್ವ" ಅಂತ ಜೀವಮಾನವಿಡೀ ಹೇಳಿಕೊಂಡು ಬಂದಳು. ಎಪ್ಪತ್ತು ದಾಟಿದೆ, ಈಗಲೂ ತಾನೇ ಅವರೆಕಾಯಿ ಬಿಡಿಸಿ ಹುಳಿ ಮಾಡುತ್ತಾಳೆ. ಯಾರಾದರೂ ಕಾಲಿಗೆ ಬೀಳಲು ಬಂದರೆ ಪಾದ ಎಳೆದುಕೊಂಡು, ದೇವರಿಗೆ ಮಾಡಿ ಅನ್ನುತ್ತಾಳೆ. ವಿಧವೆಯ ಹರಕೆ ಯಾರಿಗೆ ಬೇಕು ಅನ್ನುವುದು ಅವಳ ಮಾತು.

ನಾನು ಎಲ್ಲವನ್ನೂ ಹೇಳಿದೆ. ದೊಡ್ಡವ್ವ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. "ಹಂಗಾದ್ರೆ ನನ್ನ ತಂಗೀರು ಹೋಗಿದ್ದು ಪುಣ್ಯದಿಂದ ಅಲ್ಲ, ಕಾಯಿಲೆಯಿಂದಾನಾ?" ಅಂತ ಕೇಳಿದಳು. ಆಮೇಲೆ ಜೋರಾಗಿ ಅತ್ತಳು, ಅಷ್ಟು ವರ್ಷಗಳ ಹಿಂದೆ ಅಳಬೇಕಾಗಿದ್ದ ಅಳು. ನಾನೂ ಅತ್ತೆ.

ಹೊರಡುವಾಗ ಚೈತ್ರ ಕಾಲಿಗೆ ಬಿದ್ದಳು. ದೊಡ್ಡವ್ವ ಪಾದ ಎಳೆದುಕೊಳ್ಳಲಿಲ್ಲ. ಅವಳ ತಲೆಯ ಮೇಲೆ ಎರಡೂ ಕೈ ಇಟ್ಟಳು.

"ನನ್ನಂಗಾಗು ಕಣವ್ವ."

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಇವರು ಹಾಗೇ ನಿಂತರು. ನಮ್ಮ ಕಡೆ ಯಾವ ವಿಧವೆಯೂ ಯಾವ ಹೆಣ್ಣುಮಗುವಿಗೂ ಹೇಳದ ಮಾತದು. ದೊಡ್ಡವ್ವನಿಗೂ ತಾನಂದದ್ದು ಗೊತ್ತಾಯಿತು. "ಗಂಡ ಸಾಯ್ಲಿ ಅಂತಲ್ಲ," ಅಂತ ತಡವರಿಸಿದಳು. "ಮುದುಕಿ ಆಗು ಅಂತ."

ಚೈತ್ರ ಬಗ್ಗಿಸಿದ ತಲೆ ಎತ್ತಲಿಲ್ಲ.

"ಇನ್ನೊಂದ್ಸಲ ಹೇಳು ಅಜ್ಜಿ," ಅಂದಳು.