ತೆಂಗಿನ ನೀರು ಕುಡಿದ ರೋಬೋಟು

ನಿನ್ನೆ ಅಡುಗೆಮನೆಯಲ್ಲಿ ಮಿಕ್ಸರಿನ ವೈರು ಸುಟ್ಟು ಕಮರು ವಾಸನೆ ಹಬ್ಬಿತು. ಮನೆಯವರು ಮಿಕ್ಸರಿನ ಚಿಂತೆಯಲ್ಲಿದ್ದರು. ನನಗೆ ನೆನಪಾದವರು ಎರಡನೇ ತರಗತಿಯ ಅಕ್ಕೋರು... ನಾನೂ ಕಲಿಸುತ್ತಿದ್ದ ಶಹಾಬಾದ್ ಹತ್ತಿರದ ಹಳ್ಳಿಶಾಲೆಯಲ್ಲಿ ನನ್ನ ಪಕ್ಕದ ಕೋಣೆಯಲ್ಲೇ ಪಾಠ ಮಾಡುತ್ತಿದ್ದರು.

ಕಲ್ಲುಗಣಿಗೆ ಹೋಗುವವರ ಮಕ್ಕಳೂ ರೋಬೋಟ್ ನಡೆಸಲು ಕಲಿಯಬೇಕೆಂಬುದು ಅವರ ಹುಚ್ಚು. ಅಕ್ಷರವೇ ನೆಟ್ಟಗೆ ಬರದ ಮಕ್ಕಳಿಗೆ ಇದ್ಯಾಕೆಂದು ಊರು ನಕ್ಕಿತು. "ದೊಡ್ಡವರಾದ ಮ್ಯಾಲೆ ಅಂಜಿಕಿ ಹುಟ್ತದ್ರಿ. ಈಗ ಇವಕ್ಕ ಅಂಜಿಕಿ ಇಲ್ಲ," ಎನ್ನುತ್ತಿದ್ದರು ಅಕ್ಕೋರು. ಕಚೇರಿಯಿಂದ ಕಚೇರಿಗೆ ಅಲೆದು, ಗಾಲಿಯ ಮೇಲೆ ಓಡುವ ಪುಟ್ಟ ರೋಬೋಟೊಂದನ್ನು ಶಾಲೆಗೆ ತಂದೇ ಬಿಟ್ಟರು. ಅದು ಓಡಲೆಂದು ಮಕ್ಕಳು ನೆಲದ ಪರ್ಸಿಕಲ್ಲಿನ ಮೇಲೆ ಸೀಮೆಸುಣ್ಣದಿಂದ ದಾರಿ ಬರೆದಿಟ್ಟಿದ್ದರು.

ಪೂಜೆಯಾಗದೆ ಹೊಸ ಯಂತ್ರ ಮುಟ್ಟುವುದುಂಟೆ? ಶಾಲಾ ಸಮಿತಿಯ ಅಧ್ಯಕ್ಷರು ಅದಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ತೆಂಗಿನಕಾಯಿ ಎತ್ತಿಕೊಂಡರು.

"ನೀರು ಹಾಕಬ್ಯಾಡ್ರಿ ಅಧ್ಯಕ್ಷರೆ, ಒಳಗ ಬ್ಯಾಟ್ರಿ ಅದ," ಎಂದರು ಅಕ್ಕೋರು.

"ನಮ್ಮ ಟ್ರ್ಯಾಕ್ಟರಿಗಿ ಪ್ರತಿ ವರ್ಷಾ ಹಾಕ್ತೀವಿ, ಏನಾಗ್ಯಾದ? ಸುಮ್ ನಿಂದರ್ರಿ."

ಕಾಯಿ ಒಡೆದು ಧಾರಾಳವಾಗಿ ಸುರಿದರು. ಗುಂಡಿ ಒತ್ತಿದ್ದೇ ತಡ, ರೋಬೋಟು ಚಿಟ್ ಎಂದು ಹೊಗೆ ಬಿಟ್ಟು ಕೆಟ್ಟು ನಿಂತಿತು. ಮಕ್ಕಳು ಗೊಳೋ ಎಂದು ಅತ್ತವು. "ಸಣ್ಣ ಹುಡುಗ್ರಿಗಿ ಇದೆಲ್ಲಾ ಬ್ಯಾಡಂತ ದೇವರೇ ಹೇಳ್ಯಾನ ನೋಡ್ರಿ," ಎಂದು ಅಧ್ಯಕ್ಷರು ಕೈ ಒರೆಸಿಕೊಂಡರು. ಆಮೇಲೆ ಅಳುವ ಮಕ್ಕಳ ಕೈಗೇ ಕೊಬ್ಬರಿ ಚೂರು ಕೊಟ್ಟರು.

ತಪ್ಪು ಬಂದದ್ದು ಅಕ್ಕೋರ ತಲೆಗೆ. ಸರಕಾರಿ ಸಾಮಾನು ಹಾಳು ಮಾಡಿದರೆಂದು ಅವರನ್ನು ಚಿಂಚೋಳಿಯ ಆಚೆ, ಗಡಿಯೂರಿಗೆ ಎತ್ತಂಗಡಿ ಮಾಡಿದರು. ಅವರಿಗಿಂತ ಮೊದಲೇ ಸುದ್ದಿ ಅಲ್ಲಿಗೆ ಮುಟ್ಟಿತ್ತು. 'ರೋಬೋಟ್ ಅಕ್ಕೋರು ಬಂದ್ರು' ಎಂದು ಜೊತೆಯ ಶಿಕ್ಷಕರೇ ಆಡಿಕೊಂಡು ನಕ್ಕರಂತೆ. ನಿವೃತ್ತಿಯವರೆಗೂ ಅವರು ಯಂತ್ರದ ಮಾತೆತ್ತಲಿಲ್ಲ ಎಂದು ಕೇಳಿದ್ದೇನೆ...

ಅಕ್ಕೋರು ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ಅದೇ ಅಧ್ಯಕ್ಷರದು ಈಗ ಪಟ್ಟಣದಲ್ಲಿ ಸ್ವಂತ ಶಾಲೆ. ಒಂದನೇ ತರಗತಿಯಿಂದಲೇ ರೋಬೋಟ್ ಪಾಠ. ಮೊನ್ನೆ ಅಲ್ಲಿನ ಹೊಸ ಪ್ರಯೋಗಾಲಯದ ಉದ್ಘಾಟನೆಗೆ ನಾನೂ ಹೋಗಿದ್ದೆ. "ಸಣ್ಣವರಿದ್ದಾಗೇ ಕಲಿಸಬೇಕ್ರಿ, ಇಲ್ಲಾಂದ್ರ ಹಿಂದ ಉಳೀತಾರ," ಎಂದು ಅವರು ಎದೆಯುಬ್ಬಿಸಿ ಭಾಷಣ ಮಾಡಿದಾಗ ನನ್ನ ಮೈ ಉರಿಯಿತು. ಅಕ್ಕೋರು ಹಿಂದೆ ಕಲಿಸುತ್ತಿದ್ದ ಆ ಹಳ್ಳಿಶಾಲೆಯ ಈಗಿನ ಮಕ್ಕಳನ್ನೂ ಕರೆಸಿದ್ದರು, ಚಪ್ಪಾಳೆಗೆ ಜನ ಕಡಿಮೆ ಬೀಳಬಾರದೆಂದು. ಪ್ರಯೋಗಾಲಯದ ಬಾಗಿಲು ತೆರೆಯುವ ಹೊತ್ತಿಗೆ ಆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ವಾಪಸ್ ಟೆಂಪೋ ಹತ್ತಿಸಿದರು. ಅಂಥ ಮಕ್ಕಳಿಗಾಗಿ ಜಗಳಕ್ಕೆ ನಿಲ್ಲುತ್ತಿದ್ದ ಒಬ್ಬರೇ ಒಬ್ಬ ಅಕ್ಕೋರು ಈಗ ಇಲ್ಲ.