ತಪ್ಪು ಹೇಳುವ ಸಭೆ

ತೊಂಬತ್ತರ ದಶಕದ ನಡುವೆ ನಮ್ಮ ಭಾಗದ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರು ತಿಂಗಳಿಗೊಮ್ಮೆ ಶೀಳನೆರೆಯಲ್ಲಿ ಸಭೆ ಸೇರುತ್ತಿದ್ದೆವು. ನಡೆಸುವ ಹೊಣೆ ನನ್ನದು. ಹತ್ತು ಗಂಟೆ ಎಂದರೆ ಹತ್ತು ಗಂಟೆಗೇ ಶುರು. ಒಬ್ಬರು ಮಕ್ಕಳಿಗೆ ಮಾದರಿ ಪಾಠ ಮಾಡಬೇಕು, ಉಳಿದವರು ಹಿಂದೆ ಕುಳಿತು ನೋಡಬೇಕು. ಮಕ್ಕಳನ್ನು ಕಳುಹಿಸಿದ ಮೇಲೆ ಪ್ರತಿಯೊಬ್ಬರೂ ಒಂದು ಮೆಚ್ಚುಗೆ, ಒಂದು ತಪ್ಪು ಹೇಳಬೇಕು. ನಾನು ಕೊನೆಗೆ ಮಾತಾಡುತ್ತಿದ್ದೆ.

ತಪ್ಪು ಹೇಳುವುದರಲ್ಲಿ ಕೆ.ಆರ್. ಪೇಟೆಯಿಂದ ಬರುತ್ತಿದ್ದ ಒಬ್ಬ ಮೇಷ್ಟ್ರನ್ನು ಮೀರಿಸುವವರಿರಲಿಲ್ಲ. ಗಣಿತ ಅವರ ವಿಷಯ, ನನ್ನ ಸರೀಕರು. ಒಮ್ಮೆ ದೇವಲಾಪುರದ ಕಡೆಯ ಮೇಡಂ ಒಬ್ಬರು ಪಾಠ ಮುಗಿಸಿ ಮಕ್ಕಳನ್ನು ಕಳುಹಿಸುತ್ತಲೇ ಈ ಮೇಷ್ಟ್ರು ಎದ್ದು ನಿಂತರು.

“ಅಲ್ಲ ಮೇಡಮ್ನೋರೆ, ಪಾಠ ಮಾಡಿದ್ದು ಮಕ್ಕಳಿಗೋ ಬೋರ್ಡಿಗೋ? ನಿಮ್ಮ ಬೆನ್ನು ನೋಡೀ ನೋಡೀ ಸಾಕಾಗೋಯ್ತು.”

“ನಿಮ್ಮ ಸರದಿ ಬರ್ಲಿ ಸಾ, ನಾನೂ ಸುಮ್ಕೆ ಬುಡಾಕಿಲ್ಲ,” ಎಂದು ಆಕೆ ನಕ್ಕರು. ಮುಂದಿನ ಸಲ ಆಕೆ ಬೋರ್ಡಿನ ಪಕ್ಕಕ್ಕೆ ಸರಿದು ನಿಂತು ಬರೆದರು. ನಾವು ಕಲಿಯುತ್ತಿದ್ದುದು ಹಾಗೆ.

ಒಂದು ವರ್ಷ ಆ ಮೇಷ್ಟ್ರಿಗೆ ಗಂಟಲಲ್ಲಿ ಗೆಡ್ಡೆಯಾಯಿತು. ಮೈಸೂರಿನಲ್ಲಿ ಆಪರೇಷನ್ನೂ ಆಯಿತು. ರಜೆ ಮುಗಿಸಿ ಬಂದವರ ಧ್ವನಿಯಲ್ಲಿ ಉಸಿರೇ ಹೆಚ್ಚು. ಶಾಲೆಯಲ್ಲಿ ಉಳಿಯಬೇಕೋ, ಸ್ವಯಂ ನಿವೃತ್ತಿ ತೆಗೆದುಕೊಳ್ಳಬೇಕೋ ಎಂದು ಅವರು ತೂಗಿ ನೋಡುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಆ ತಿಂಗಳ ಮಾದರಿ ಪಾಠವನ್ನು ಅವರೇ ಕೇಳಿ ತೆಗೆದುಕೊಂಡರು.

ಭಿನ್ನರಾಶಿಯ ಪಾಠ. ರೊಟ್ಟಿಯಂತೆ ದುಂಡಗೆ ಕತ್ತರಿಸಿದ ರಟ್ಟನ್ನು ಅರ್ಧ, ಕಾಲು ಎಂದು ಚೂರು ಮಾಡಿ ತೋರಿಸುತ್ತ ಮಾಡಿದರು. ಮುಂದಿನ ಸಾಲಿನ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಹಿಂದಿನ ಸಾಲಿನವರು ಮೊದಲು ಕತ್ತು ಚಾಚಿದರು, ಆಮೇಲೆ ಒಬ್ಬರನ್ನೊಬ್ಬರು ಚಿವುಟತೊಡಗಿದರು.

ಮಕ್ಕಳು ಹೋದರು. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. “ಚೆನ್ನಾಗಿತ್ತು ಸಾ.” “ರಟ್ಟಿನ ಉಪಾಯ ಬೋ ಸೊಗಸು.” ಸುಮ್ಮನೆ ಬಿಡುವುದಿಲ್ಲ ಎಂದಿದ್ದ ಮೇಡಂ ಕೂಡ, “ತಪ್ಪು ಏನೂ ಕಾಣಲಿಲ್ಲ ಸಾ,” ಎಂದು ತಲೆ ತಗ್ಗಿಸಿ ಕುಳಿತರು. ಕರುಣೆಯಿಂದ ಆಡಿದ ಮಾತುಗಳೇ. ಆದರೆ ಒಂದೊಂದು ಹೊಗಳಿಕೆಗೂ ಮೇಷ್ಟ್ರ ಮುಖ ಸಣ್ಣದಾಗುತ್ತ ಹೋಯಿತು.

ಕೊನೆಗೆ ನನ್ನ ಕಡೆ ತಿರುಗಿದರು. “ನೀವಾದ್ರೂ ಹೇಳ್ರೀ. ಇವ್ರೆಲ್ಲ ನನ್ನ ಬದುಕಿರುವಾಗ್ಲೇ ಮಣ್ಣು ಮಾಡ್ತಾವ್ರೆ.”

“ಹಿಂದಿನ ಎರಡು ಸಾಲಿಗೆ ಕೇಳಿಸಲಿಲ್ಲ ಮೇಷ್ಟ್ರೇ,” ಎಂದೆ.

“ಅಂಗನ್ನಿ ಮತ್ತೆ. ಇದ್ನೇ ಕೇಳಕ್ಕೆ ಬಂದಿದ್ದು ನಾನು,” ಎಂದು ರಟ್ಟಿನ ಚೂರುಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡರು.

ಆಗ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮಕ್ಕಳನ್ನು ಅರ್ಧಚಂದ್ರಾಕಾರವಾಗಿ ಕೂರಿಸಿ ಎಂದರು ಒಬ್ಬರು. ಚಿಕ್ಕ ಗುಂಪು ಮಾಡಿ ಎಂದರು ಇನ್ನೊಬ್ಬರು. ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡು, ಕೆಲವು ತಿಂಗಳು ಹಾಗೆಯೇ ಮಾಡಿಯೂ ನೋಡಿದರು. ಗೆಡ್ಡೆ ಮತ್ತೆ ಬೆಳೆಯಿತು. ಉಳಿದಿದ್ದ ಧ್ವನಿಯೂ ಹೋಯಿತು. ನಿವೃತ್ತಿಯ ಅರ್ಜಿ ಕೊಟ್ಟರು.

ಅಲ್ಲಿಂದಾಚೆ ಸಭೆ ಮುಗಿದ ಸಂಜೆ ನಾನು ನಮ್ಮೂರು ಪಾಂಡವಪುರದ ಬಸ್ಸು ಬಿಟ್ಟು, ಅವರ ಮನೆಗೆಂದು ಕೆ.ಆರ್. ಪೇಟೆಯ ಬಸ್ಸು ಹತ್ತುತ್ತಿದ್ದೆ. ಅವರ ಪಕ್ಕ ಮಂಚದ ಮೇಲೆ ಒಂದು ಸ್ಲೇಟು ಇರುತ್ತಿತ್ತು. “ಯಾರ ಪಾಠ?” ಎಂದು ಬರೆಯುತ್ತಿದ್ದರು. ಹೇಳುತ್ತಿದ್ದೆ. ಒರೆಸಿ, “ಏನು ತಪ್ಪು?” ಎಂದು ಬರೆಯುತ್ತಿದ್ದರು. ಅದನ್ನೂ ವಿವರವಾಗಿ ಹೇಳುತ್ತಿದ್ದೆ. ಭುಜ ಕುಲುಕಿಸಿ ಸದ್ದಿಲ್ಲದೆ ನಗುತ್ತಿದ್ದರು. ಒಮ್ಮೆ ಅವರ ಸ್ಥಿತಿ ನೋಡಲಾರದೆ, ಎಲ್ಲ ಚೆನ್ನಾಗಿತ್ತು ಎಂದುಬಿಟ್ಟೆ. ಸ್ಲೇಟನ್ನು ಕೈಗೆತ್ತಿಕೊಳ್ಳದೆ ನನ್ನನ್ನೇ ನೋಡಿದರು. ಮತ್ತೆ ಮೊದಲಿನಿಂದ ಹೇಳಿದೆ.

ಅವರು ತೀರಿಕೊಂಡ ಮೇಲೂ ಸಭೆ ಹತ್ತಕ್ಕೇ ಶುರುವಾಗುತ್ತಿತ್ತು. ಮುಗಿದ ಮೇಲೆ ನಾನು ನೇರವಾಗಿ ಮನೆಗೆ ಬರುತ್ತಿದ್ದೆ.